ಸರ್ವೇಯರು ಬಂದ ದಿನ

ನಾವು ಶಿವಮೊಗ್ಗದ ವಿದ್ಯಾನಗರದವರು. ಸಂಜೆ ಕೆಲಸ ಮುಗಿಸಿ ಒಟ್ಟಿಗೆ ಕೂತು ಓದುತ್ತೇವೆ. ಕೆಲವು ವರ್ಷದ ಹಿಂದೆ ಒಂದು ದಿನ ನಮ್ಮಲ್ಲೊಬ್ಬ ಅಕ್ಕ ಪಹಣಿ ತಂದರು. ಅದರಲ್ಲಿದ್ದ ತಮ್ಮ ಹೆಸರನ್ನು ತಾವೇ ಓದಿದರು.

ಅಕ್ಕನ ತವರು ಭದ್ರಾವತಿ ಕಡೆಯ ಹಳ್ಳಿ. ಅಪ್ಪ ಬಿಟ್ಟುಹೋದದ್ದು 2 ಎಕರೆ ಗದ್ದೆ. ಪೌತಿ ಖಾತೆ ಆಗಿತ್ತು. ಪಹಣಿಯಲ್ಲಿ ನಾಲ್ಕು ಹೆಸರು ಜಂಟಿಯಾಗಿ ಬಂದಿದ್ದವು. ಮೂವರು ಅಣ್ಣತಮ್ಮಂದಿರು, ಕೊನೆಗೆ ಅಕ್ಕ.

“ನನ್ನ ಪಾಲು ಎಲ್ಲಿದೆ ಅಣ್ಣಾ?” ಅಂತ ಅಕ್ಕ ಕೇಳೋರು.

“ಪಹಣೀಲಿ ಹೆಸರಿಲ್ವೇನಮ್ಮಾ? ಇನ್ನೇನು ಬೇಕು?” ಅಂತ ಅಣ್ಣ ಅನ್ನೋರು.

ಹೆಸರೇನೋ ಇತ್ತು. ಆದರೆ ಯಾವ ಬದುವಿನಿಂದ ಯಾವ ಬದುವಿನವರೆಗೆ? ಅದನ್ನು ಪಹಣಿ ಹೇಳುವುದಿಲ್ಲ, ನಕ್ಷೆ ಹೇಳುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರ ಕಾನೂನು ಹೇಳಿದೆ. ಆದರೆ ಕಾನೂನು ಬಂದು ಗದ್ದೆ ಅಳೆಯುವುದಿಲ್ಲ. ಅಳೆಯುವವರು ಸರ್ವೇಯರು. ಮೋಜಣಿದಾರರು, ಭೂಮಾಪಕರು ಅಂತಲೂ ಅವರನ್ನು ಕರೆಯುತ್ತಾರೆ.

ಕೊನೆಗೆ ಭಾಗ ಮಾಡಿಕೊಳ್ಳಲು ಎಲ್ಲರೂ ಒಪ್ಪಿದರು. ಭಾಗ ಪತ್ರ ರಿಜಿಸ್ಟರ್ ಮಾಡಿಸೋಕೆ ಮೊದಲು ಅಳತೆ ಆಗಬೇಕು. ಆಗ ಸಿಗುವ ನಕ್ಷೆಗೆ 11ಇ ನಕ್ಷೆ ಅನ್ನುತ್ತಾರೆ. ಅರ್ಜಿ ಕೊಟ್ಟರು, ಶುಲ್ಕ ಕಟ್ಟಿದರು. ಪಕ್ಕದ ಜಮೀನಿನವರಿಗೂ ನೋಟಿಸು ಹೋಯಿತು.

ಅಳತೆ ದಿನ ನಾವೂ ಅಕ್ಕನ ಜೊತೆ ಹೋದೆವು. “ಹೆಂಗಸ್ರಿಗೆ ಇಲ್ಲೇನು ಕೆಲಸ?” ಅಂತ ಯಾರೋ ಅಂದರು. ನಾವು ಸುಮ್ಮನೆ ಬದುವಿನ ಮೇಲೆ ನಿಂತು ಎಣಿಸಿದೆವು.

ಲೆಕ್ಕ ಕಷ್ಟದ್ದಲ್ಲ. ಅಳತೆಯ ಸರಪಳಿ 33 ಅಡಿ ಉದ್ದ. ಅದರಲ್ಲಿ 16 ಆಣೆ. ರೂಪಾಯಿಗೆ ಹದಿನಾರಾಣೆ ಅಂತ ನಮ್ಮ ಅಜ್ಜಿ ಎಣಿಸುತ್ತಿದ್ದರಲ್ಲ, ಹಾಗೆಯೇ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಅದು 1 ಗುಂಟೆ. 40 ಗುಂಟೆಗೆ 1 ಎಕರೆ.

2 ಎಕರೆ ಅಂದರೆ 80 ಗುಂಟೆ. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ 20 ಗುಂಟೆ. ಅಂದರೆ 4 ಸರಪಳಿ ಉದ್ದ, 5 ಸರಪಳಿ ಅಗಲ. ಮೂರು ಪಾಲು ಸರಿಯಾಗಿ ಬಂತು. ಕಡೆಯದು ಅಕ್ಕನದು. ಅಲ್ಲಿ ಉದ್ದ ಮೂರೂವರೆ ಸರಪಳಿಗೇ ಬದು ಬಂದುಬಿಟ್ಟಿತು!

ಮೂರೂವರೆಯನ್ನು ಐದರಿಂದ ಗುಣಿಸಿದರೆ ಹದಿನೇಳೂವರೆ. ಎರಡೂವರೆ ಗುಂಟೆ ಕಡಿಮೆ. ಅಡಿಕೆ ಹಾಕಿದರೆ ಮೂವತ್ತು ಮರ ಹಿಡಿಯುವ ಜಾಗ ಅದು.

“ಇರೋದೇ ಇಷ್ಟು. ನೀನು ಪೇಟೇಲಿರೋಳು, ಹೊಂದಿಸ್ಕೋ” ಅಂದ ತಮ್ಮ.

ಅಕ್ಕ ಹೊಂದಿಸಿಕೊಳ್ಳಲಿಲ್ಲ. “ಟಿಪ್ಪಣಿ ನೋಡಿ ಸಾರ್” ಅಂದರು. ಟಿಪ್ಪಣಿ ಅಂದರೆ ಮೊದಲು ಅಳೆದಾಗ ಬರೆದಿಟ್ಟ ಅಳತೆಯ ಹಾಳೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಗದ್ದೆ ಗದ್ದೆಯನ್ನೂ ಅಳೆಯುವ ಕೆಲಸ ಶುರುವಾಯಿತು. ಅಂಥ ಹಳೆಯ ದಾಖಲೆಗಳು ಈಗಲೂ ಕಚೇರಿಯಲ್ಲಿವೆ. ಮೊಮ್ಮಕ್ಕಳ ಜಗಳ ಬಿಡಿಸಲು ಮುತ್ತಜ್ಜನ ಕಾಲದ ಹಾಳೆ ಬೇಕಾಗುತ್ತದೆ.

ಸರ್ವೇಯರು ಟಿಪ್ಪಣಿ ಹಿಡಿದು ಬದು ದಾಟಿ ಅಳೆದರು. ಅರ್ಧ ಸರಪಳಿ ಆಚೆ, ಪಕ್ಕದವರ ಬೇಲಿಯ ಬುಡದಲ್ಲಿ, ಮಣ್ಣು ತೆಗೆದಾಗ ಬಾಂದು ಕಲ್ಲು ಸಿಕ್ಕಿತು. ಗದ್ದೆ ಕಡಿಮೆ ಇರಲಿಲ್ಲ. ಬದು ಒಳಗೆ ಸರಿದಿತ್ತು.

ತಮ್ಮ ಮಾತಾಡಲಿಲ್ಲ. ಅಕ್ಕನ ಹೆಸರಿಗೆ ನಕ್ಷೆಯಲ್ಲಿ ಪೂರ್ತಿ 20 ಗುಂಟೆ ಬಂತು. ಆಮೇಲೆ ಭಾಗ ಪತ್ರವೂ ಆಯಿತು. ಈಗ ಪಹಣಿಯಲ್ಲಿ ಅಕ್ಕನದೇ ಬೇರೆ ಹಿಸ್ಸಾ ನಂಬರಿದೆ. ಪಕ್ಕದವರು ಮಾತ್ರ ಆ ದಿನ ಸಹಿ ಹಾಕಲಿಲ್ಲ. ಬೇಲಿ ಕೀಳಿಸಲು ಅಕ್ಕ ಇನ್ನೂ ಓಡಾಡುತ್ತಿದ್ದಾರೆ.

ಬರುವಾಗ ಬಸ್ಸಿನಲ್ಲಿ ಒಬ್ಬರು ಕೇಳಿದರು, “ನಮ್ ಹುಡ್ಗೀರು ಈ ಕೆಲ್ಸ ಕಲೀಬಹುದಾ?” ಕಲಿಯಬಹುದು. ಐಟಿಐಯಲ್ಲಿ ಸರ್ವೇಯರ್ ಅಂತ 2 ವರ್ಷದ ಕಲಿಕೆ ಇದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎಲ್ಲ ಐಟಿಐಗಳಲ್ಲಿ ಈ ವಿಭಾಗ ಇರುವುದಿಲ್ಲ, ವಿಚಾರಿಸಿ ಸೇರಿಸಬೇಕು. ಪಾಲಿಟೆಕ್ನಿಕ್‌ನ ಸಿವಿಲ್ ಡಿಪ್ಲೊಮಾದಲ್ಲೂ ಅಳತೆ ಕಲಿಸುತ್ತಾರೆ. ಸರ್ಕಾರಿ ಸರ್ವೇಯರು ಅಲ್ಲದೆ, ಇಲಾಖೆಯ ತರಬೇತಿ ಮುಗಿಸಿ ಪರವಾನಗಿ ಪಡೆದ ಭೂಮಾಪಕರೂ ನಮ್ಮ ರಾಜ್ಯದಲ್ಲಿದ್ದಾರೆ. ಬಿಸಿಲಲ್ಲಿ ಗದ್ದೆ ಸುತ್ತಬೇಕು, ಲೆಕ್ಕ ಗಟ್ಟಿ ಇರಬೇಕು. ಗದ್ದೆ ನಾಟಿ ಮಾಡುವವರಿಗೆ ಬಿಸಿಲು ಹೊಸದೇ?

ಈಗೀಗ ಸರಪಳಿ ಕಡಿಮೆಯಾಗಿ ರೋವರ್ ಎಂಬ ಯಂತ್ರ ಬಂದಿದೆ. ಅದು ಆಕಾಶದ ಉಪಗ್ರಹದ ಸಹಾಯದಿಂದ ಜಾಗ ಗುರುತಿಸುತ್ತದೆ. ಆದರೂ ಪಹಣಿಯಲ್ಲಿ ಬರುವುದು ಎಕರೆ, ಗುಂಟೆಯೇ.

ನೀವೇ ಮಾಡಿ ನೋಡಿ:
ಒಂದು ಗದ್ದೆ 6 ಸರಪಳಿ ಉದ್ದ, 5 ಸರಪಳಿ ಅಗಲ ಇದೆ. ಅದು ಎಷ್ಟು ಗುಂಟೆ? ಒಂದು ಎಕರೆಗೆ ಇನ್ನೆಷ್ಟು ಗುಂಟೆ ಬೇಕು?
ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಸರ್ವೆ ನಂಬರ್ ಎಷ್ಟು? ಯಾರ ಯಾರ ಹೆಸರಿದೆ?