ಎರಡು ಟರ್ನ್‌ಟೇಬಲ್, ಒಂದು ಮಿಕ್ಸರು: ಕೊಳ್ಳುವ ಮುನ್ನ ತಿಳಿಯಬೇಕಾದದ್ದು



ಎರಡು ವರ್ಷಗಳ ಹಿಂದೆ ಹತ್ತನೆಯ ತರಗತಿ ಮುಗಿಸಿ ಹೋಗಿದ್ದ ಹುಡುಗನೊಬ್ಬ ನನ್ನನ್ನು ಕಾಣಲು ಬಂದ. "ಸಾರ್, ಡಿಜೆ ಕೆಲಸ ಕಲೀಬೇಕು ಅಂತಿದ್ದೀನಿ. ರೆಕಾರ್ಡು ಹಾಕೋ ಪೆಟ್ಟಿಗೆ ಎರಡು ಕಡಿಮೆ ಬೆಲೆಗೆ ಸಿಗ್ತಾ ಇವೆ. ತಗೊಳ್ಳಲಾ?" ಎಂದು ಕೇಳಿದ. ನನಗೆ ಆ ವಿಷಯ ತಿಳಿದಿರಲಿಲ್ಲ. ತಿಳಿಯದು ಎಂದು ಹೇಳಬೇಕಾಗಿತ್ತು. ಅದರ ಬದಲು, "ತಿರುಗಿದರೆ ಸಾಕಲ್ಲವೆ, ಯಾವುದಾದರೇನು?" ಎಂದುಬಿಟ್ಟೆ. ಅವನ ತಾಯಿ ಟೀ ಎಸ್ಟೇಟಿನಲ್ಲಿ ಎಲೆ ಕಿತ್ತು ಚೀಟಿಗೆ ಕಟ್ಟಿದ್ದ ಹಣ ಆ ಪೆಟ್ಟಿಗೆಗಳಿಗೆ ಹೋಯಿತು. ತಿಂಗಳೊಳಗೆ ಅವನು ಮತ್ತೆ ಬಂದ. "ಸಾರ್, ಕೈಯಿಟ್ಟರೆ ನಿಂತುಬಿಡುತ್ತೆ. ಎರಡೂ ಒಂದೇ ವೇಗದಲ್ಲಿ ಓಡಲ್ಲ" ಎಂದ. ಆಮೇಲೆ ನಾನು ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ ಕಲಿತೆ. ಕಲಿತದ್ದನ್ನು ನಿಮ್ಮ ಮುಂದೆ ಇಡುವುದು ಈಗ ನನ್ನ ಕರ್ತವ್ಯವಾಗಿದೆ.

1. ಎರಡು ತಟ್ಟೆ ಏಕೆ?

ಹಾಡು ಕೇಳಲು ಒಂದು ರೆಕಾರ್ಡ್ ಪ್ಲೇಯರ್ ಸಾಕು. ಡಿಜೆಗೆ ಎರಡು ಬೇಕು. ಒಂದರಲ್ಲಿ ಹಾಡು ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಮುಂದಿನ ಹಾಡನ್ನು ಸಿದ್ಧಪಡಿಸಿ, ತಾಳ ತಪ್ಪದಂತೆ ಒಂದರೊಳಗೊಂದು ಸೇರಿಸುವುದೇ ಅವನ ಕೆಲಸ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಒಂದು ಸಂತೋಷಕೂಟ ಏರ್ಪಡಿಸಿದಳು. ಶಾಲೆ ತೆರೆಯುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಾಗಿತ್ತು. ಅಲ್ಲಿ ರೆಕಾರ್ಡು ನುಡಿಸಿದವನು ಅವಳ ಅಣ್ಣ. ಕೂಲ್ ಹರ್ಕ್ ಎಂಬುದು ಅವನ ರಂಗನಾಮ. ಜನ ಹೆಚ್ಚು ಕುಣಿಯುವುದು ಹಾಡಿನಲ್ಲಿ ಬರಿಯ ವಾದ್ಯ ನುಡಿಯುವ ಭಾಗಕ್ಕೆ ಎಂಬುದನ್ನು ಅವನು ಗಮನಿಸಿದ್ದ. ಒಂದೇ ಹಾಡಿನ ಎರಡು ರೆಕಾರ್ಡುಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು ಆ ಭಾಗವನ್ನು ಬೆಳೆಸುತ್ತ ಹೋಗುವ ರೀತಿಯನ್ನು ಅವನು ರೂಢಿಗೆ ತಂದ. ಹಿಪ್‌ಹಾಪ್ ಸಂಗೀತದ ಹುಟ್ಟನ್ನು ಆ ಸಂಜೆಯಿಂದಲೇ ಎಣಿಸುವುದುಂಟು. ಅಲ್ಲಿಯೂ ಹಣ ಹೆಚ್ಚಿರಲಿಲ್ಲ ಎಂಬುದನ್ನು ನೆನಪಿಡಿ.

2. ವೇಗದ ಲೆಕ್ಕ

ಎಲ್‌ಪಿ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಅಂದರೆ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು. ರೆಕಾರ್ಡಿನ ನಡುವಿನ ಕಾಗದದ ಮೇಲೆ ಒಂದು ಗುರುತು ಅಂಟಿಸಿ, ಗಡಿಯಾರ ನೋಡುತ್ತ ಎಣಿಸಿರಿ. 101 ಬಂದರೆ ಯಂತ್ರ ನೂರಕ್ಕೆ ಒಂದರಷ್ಟು ವೇಗವಾಗಿದೆ ಎಂದು ಅರ್ಥ.

ನೂರಕ್ಕೆ ಒಂದು ತಾನೆ ಎನ್ನಬೇಡಿ. ನಿಮಿಷಕ್ಕೆ 100 ತಾಳ ಬೀಳುವ ಎರಡು ಹಾಡುಗಳನ್ನು ಒಟ್ಟಿಗೆ ಬಿಟ್ಟರೆ, ಈ ಸಣ್ಣ ವ್ಯತ್ಯಾಸದಿಂದ ಅರ್ಧ ನಿಮಿಷದಲ್ಲಿ ಅರ್ಧ ತಾಳ ಹಿಂದುಮುಂದಾಗುತ್ತದೆ. ಕುಣಿಯುವವರ ಕಾಲು ಅಲ್ಲಿಯೇ ತಡವರಿಸುತ್ತದೆ. ಆದುದರಿಂದ ಡಿಜೆ ಟರ್ನ್‌ಟೇಬಲ್‌ಗೆ ಎರಡು ಗುಣಗಳು ಇರಲೇಬೇಕು: ವೇಗ ಸ್ಥಿರವಾಗಿರಬೇಕು, ನಾವು ಬಯಸಿದಾಗ ಬಯಸಿದಷ್ಟೇ ಬದಲಾಗಬೇಕು. ಎರಡನೆಯ ಕೆಲಸಕ್ಕಾಗಿ ಪಿಚ್ ಕಂಟ್ರೋಲ್ ಎಂಬ ಜಾರುಗುಂಡಿ ಇರುತ್ತದೆ. ಅದು ನೂರಕ್ಕೆ 8ರಷ್ಟು ಮೇಲೆ ಕೆಳಗೆ ಹೋಗುವಂತಿದ್ದರೆ, 100 ತಾಳದ ಹಾಡನ್ನು 92ರಿಂದ 108ರವರೆಗೆ ಹೊಂದಿಸಬಹುದು. ವೇಗದೊಡನೆ ಶ್ರುತಿಯೂ ಏರುತ್ತದೆ. ಸುಮಾರು 6ರಷ್ಟು ಏರಿಸಿದರೆ ಹಾಡು ಅರ್ಧ ಸ್ವರ ಮೇಲೇರುತ್ತದೆ.

3. ಬೆಲ್ಟೋ, ನೇರ ಮೋಟಾರೋ?

ಬೆಲ್ಟಿನ ಯಂತ್ರದಲ್ಲಿ ಮೋಟಾರು ಒಂದು ಮೂಲೆಯಲ್ಲಿದ್ದು, ರಬ್ಬರ್ ಪಟ್ಟಿಯ ಮೂಲಕ ತಟ್ಟೆಯನ್ನು ತಿರುಗಿಸುತ್ತದೆ. ಹಾಡು ಕೇಳಲು ಇದು ಒಳ್ಳೆಯದೇ. ಆದರೆ ಕೈಯಿಂದ ತಡೆದು ಬಿಟ್ಟರೆ ಮತ್ತೆ ವೇಗಕ್ಕೆ ಬರಲು ತಡಮಾಡುತ್ತದೆ. ಹಿಂದಕ್ಕೆ ಮುಂದಕ್ಕೆ ಎಳೆದರೆ ಬೆಲ್ಟು ಜಾರುತ್ತದೆ, ಸವೆಯುತ್ತದೆ. ನಮ್ಮ ಹುಡುಗನಿಗೆ ಸಿಕ್ಕಿದ್ದು ಇಂಥದೇ. ಅದಕ್ಕೆ ಪಿಚ್ ಕಂಟ್ರೋಲೂ ಇರಲಿಲ್ಲ. ಸೂಜಿಯ ಭಾರ ಹೊಂದಿಸುವ ಅನುಕೂಲವೂ ಇರಲಿಲ್ಲ.

ನೇರ ಮೋಟಾರಿನ ಯಂತ್ರದಲ್ಲಿ ತಟ್ಟೆ ಮೋಟಾರಿನ ಮೇಲೆಯೇ ಕುಳಿತಿರುತ್ತದೆ. ಜಪಾನಿನ ಮತ್ಸುಷಿತ ಕಂಪನಿ 1970ರಲ್ಲಿ ಟೆಕ್ನಿಕ್ಸ್ ಹೆಸರಿನಲ್ಲಿ ಈ ಬಗೆಯ ಎಸ್‌ಪಿ-10 ಯಂತ್ರವನ್ನೂ, 1972ರಲ್ಲಿ ಎಸ್‌ಎಲ್-1200 ಯಂತ್ರವನ್ನೂ ತಂದಿತು. 1979ರ ಸುಧಾರಿತ ಮಾದರಿ ಡಿಜೆಗಳ ಮೆಚ್ಚಿನ ಯಂತ್ರವಾಯಿತು. 2010ರಲ್ಲಿ ನಿಂತ ತಯಾರಿಕೆ 2016ರಲ್ಲಿ ಮತ್ತೆ ಆರಂಭವಾಯಿತು. ಹೊಸದರ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಆದರೆ ಅದೇ ತತ್ತ್ವದ ಅಗ್ಗದ ಯಂತ್ರಗಳಿವೆ. ಆಡಿಯೋ-ಟೆಕ್ನಿಕಾ ಕಂಪನಿಯ ಎಲ್‌ಪಿ-60 ಬೆಲ್ಟಿನದು, ಕೇಳುವವರಿಗೆ ಸರಿ; ಎಲ್‌ಪಿ-120 ನೇರ ಮೋಟಾರಿನದು, ಪಿಚ್ ಕಂಟ್ರೋಲ್ ಉಳ್ಳದ್ದು, ಕಲಿಯುವವರಿಗೆ ಆದೀತು. ಒಂದೇ ಕಂಪನಿಯ ಎರಡು ಯಂತ್ರಗಳ ನಡುವೆಯೂ ಇಷ್ಟು ಅಂತರವಿದೆ. ಆದುದರಿಂದ ಹೆಸರನ್ನು ಮಾತ್ರ ನೋಡಿ ಕೊಳ್ಳಬೇಡಿ.

4. ಮಿಕ್ಸರು

ನಮ್ಮ ಊರ ಹಬ್ಬಗಳಲ್ಲಿ ಮೈಕ್‌ಸೆಟ್‌ನವರು ಇಡುವ ಮಿಕ್ಸರು ಈ ಕೆಲಸಕ್ಕೆ ಸಾಲದು. ರೆಕಾರ್ಡಿನ ಸೂಜಿಯಿಂದ ಬರುವ ವಿದ್ಯುತ್ತು ಅತಿ ಸಣ್ಣದು, ಸುಮಾರು 5 ಮಿಲಿವೋಲ್ಟ್. ಅಲ್ಲದೆ, ರೆಕಾರ್ಡು ಮಾಡುವಾಗ ಮಂದ್ರ ಧ್ವನಿಯನ್ನು ತಗ್ಗಿಸಿ, ತಾರ ಧ್ವನಿಯನ್ನು ಹೆಚ್ಚಿಸಿರುತ್ತಾರೆ. ನುಡಿಸುವಾಗ ಅದನ್ನು ಸರಿಪಡಿಸಬೇಕು. ಈ ಕೆಲಸ ಮಾಡುವುದು 'ಫೋನೋ' ಎಂದು ಬರೆದಿರುವ ಜಾಗ. ಅದು ಎರಡು ಇರಬೇಕು. ಪಕ್ಕದಲ್ಲಿ ಅರ್ತಿಂಗ್ ತಂತಿ ಕಟ್ಟುವ ತಿರುಪು ಇರಬೇಕು. ಇಲ್ಲದಿದ್ದರೆ 'ಗುಂಯ್' ಎಂಬ ಸದ್ದು ಬಿಡದು.

ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರಿಸುವ ಅಡ್ಡಗುಂಡಿಗೆ ಕ್ರಾಸ್‌ಫೇಡರ್ ಎಂದು ಹೆಸರು. ಸಭೆಗೆ ಕೇಳಿಸದೆ ಮುಂದಿನ ಹಾಡನ್ನು ತಾನೊಬ್ಬನೇ ಆಲಿಸಲು ಹೆಡ್‌ಫೋನ್ ಕಿಂಡಿ ಬೇಕು. ಇಷ್ಟು ಇದ್ದರೆ ಎರಡು ಚಾನೆಲ್ಲಿನ ಸಾಧಾರಣ ಮಿಕ್ಸರು ಸಾಕು. ಬಣ್ಣದ ದೀಪಗಳಿಗೂ ವಿಚಿತ್ರ ಸದ್ದುಗಳಿಗೂ ಹಣ ಕೊಡಬೇಡಿ.

5. ಹಣದ ಹಂಚಿಕೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಕೈಯಲ್ಲಿರುವುದು 100 ರೂಪಾಯಿ ಎಂದಿಟ್ಟುಕೊಂಡರೆ, ನನ್ನ ಲೆಕ್ಕದಲ್ಲಿ ಎರಡು ಟರ್ನ್‌ಟೇಬಲ್‌ಗೆ 60, ಮಿಕ್ಸರಿಗೆ 20, ಹೆಡ್‌ಫೋನಿಗೆ 10, ಸೂಜಿ ಮತ್ತು ತಂತಿಗಳಿಗೆ 10. ಸ್ಪೀಕರನ್ನು ಸದ್ಯಕ್ಕೆ ಕೊಳ್ಳಬೇಡಿ, ಹೆಡ್‌ಫೋನಿನಲ್ಲೇ ಅಭ್ಯಾಸ ಮಾಡಿ. ಹಣ ಸಾಲದಿದ್ದರೆ ಒಂದೇ ಒಳ್ಳೆಯ ಟರ್ನ್‌ಟೇಬಲ್ ಕೊಂಡು, ಎರಡನೆಯದರ ಜಾಗದಲ್ಲಿ ಮೊಬೈಲ್ ಫೋನನ್ನು ಮಿಕ್ಸರಿನ 'ಲೈನ್' ಕಿಂಡಿಗೆ ಸೇರಿಸಿ ಕಲಿಯಬಹುದು. ಕೆಲಸಕ್ಕೆ ಬಾರದ ಎರಡಕ್ಕಿಂತ ಕೆಲಸಕ್ಕೆ ಬರುವ ಒಂದು ಲೇಸು. ಮದುವೆ ಮನೆಗಳಲ್ಲಿ ದುಡಿಯುವುದೇ ಗುರಿಯಾದರೆ, ಕಂಪ್ಯೂಟರಿಗೆ ಜೋಡಿಸುವ ಕಂಟ್ರೋಲರ್ ಎಂಬ ಯಂತ್ರ ಇನ್ನೂ ಕಡಿಮೆ ಖರ್ಚಿನದು. ಬಡ್ಡಿಗೆ ಹಣ ತಂದು ಯಾವುದನ್ನೂ ಕೊಳ್ಳಬೇಡಿ.

6. ಹಳೆಯ ಯಂತ್ರ ಕೊಳ್ಳುವಾಗ

ಯಂತ್ರದ ಹಿಂದೆ ಬರೆದಿರುವ ವೋಲ್ಟೇಜು ಓದಿರಿ. ಜಪಾನಿನದು 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ತಿಳಿಯದೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಸೂಜಿಯ ತೋಳು ಅಲುಗಾಡಬಾರದು. ಎರಡು ಕಿವಿಗೂ ಸದ್ದು ಬರಬೇಕು. ಕ್ರಾಸ್‌ಫೇಡರ್ ಎಳೆದಾಗ ಕರಕರ ಎನ್ನಬಾರದು. 3 ನಿಮಿಷದ ಲೆಕ್ಕವನ್ನು ಮಾರುವವನ ಎದುರಿಗೇ ಮಾಡಿರಿ. ಮೈಸೂರಿನಲ್ಲಿ ಕೊಳ್ಳುವುದಾದರೆ ಬೆಳಿಗ್ಗೆಯೇ ಹೋಗಿ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆಂದು ಅವಸರದಲ್ಲಿ ಹಣ ಕೊಟ್ಟು ಬರಬೇಡಿ. ನಮ್ಮ ಗೂಡಲೂರಿನ ಮಳೆಗಾಲದಲ್ಲಿ ರೆಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.

ಇನ್ನೊಂದು ಮಾತು. ಅಜ್ಜನ ಕಾಲದ 78 ಸುತ್ತಿನ ರೆಕಾರ್ಡು ಮನೆಯಲ್ಲಿದ್ದರೆ ಅದನ್ನು ಈ ಸೂಜಿಗೆ ಒಡ್ಡಬೇಡಿ. ಅದರ ಗೆರೆ ಅಗಲವಾದದ್ದು, ಬೇರೆ ಸೂಜಿ ಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಭಾರತದ ಮೊದಮೊದಲ ರೆಕಾರ್ಡುಗಳಿಗೆ ಧ್ವನಿ ಕೊಟ್ಟ ಗೌಹರ್ ಜಾನ್, 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಂಥವರ ಧ್ವನಿ ಉಳಿದಿರುವುದು ಇಂಥ ರೆಕಾರ್ಡುಗಳಲ್ಲಿಯೇ.

ನಮ್ಮ ಹುಡುಗ ಈಗ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಪೆಟ್ಟಿಗೆಗಳಲ್ಲಿ ಒಂದನ್ನು ಸಿಕ್ಕಿದ ಬೆಲೆಗೆ ಮಾರಿದ. ಇನ್ನೊಂದರಲ್ಲಿ ಅವನ ತಾಯಿ ಸಂಜೆ ಹಾಡು ಕೇಳುತ್ತಾರೆ. ಈ ಸಲ ಚೀಟಿ ಕಟ್ಟುತ್ತಿರುವವನು ಅವನೇ. ಕೊಳ್ಳುವ ದಿನ ಜೊತೆಗೆ ಬರಬೇಕೆಂದು ನನ್ನನ್ನು ಕರೆದಿದ್ದಾನೆ; ಗಡಿಯಾರ ಹಿಡಿದು ಸುತ್ತು ಎಣಿಸುವ ಕೆಲಸ ನನ್ನದಂತೆ.

ಅಭ್ಯಾಸ

1. ಒಂದು ಯಂತ್ರ 3 ನಿಮಿಷದಲ್ಲಿ 102 ಸುತ್ತು ತಿರುಗಿತು. ಅದು ನೂರಕ್ಕೆ ಎಷ್ಟು ವೇಗವಾಗಿದೆ?

2. ಒಂದು ಹಾಡಿಗೆ ನಿಮಿಷಕ್ಕೆ 90 ತಾಳ, ಇನ್ನೊಂದಕ್ಕೆ 100. ನೂರಕ್ಕೆ 8ರ ಮಿತಿಯೊಳಗೆ, ಒಂದನ್ನೇ ಬದಲಾಯಿಸಿ ಇವನ್ನು ಹೊಂದಿಸಲು ಸಾಧ್ಯವೆ? ಎರಡನ್ನೂ ಬದಲಾಯಿಸಿದರೆ?