ಮೈಕ್ರೊಪ್ರೊಸೆಸರ್ ಮತ್ತು ಮೈಕ್ರೊಕಂಟ್ರೋಲರ್: ಉದ್ಯಮಿಗಳು ಅರಿಯಬೇಕಾದ ವ್ಯತ್ಯಾಸ

ಗಣಕಯಂತ್ರದಲ್ಲಿಯೂ ಚಿಪ್ ಇದೆ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಯೂ ಚಿಪ್ ಇದೆ. ಕಸ್ಟಮ್ಸ್ ಸುಂಕದ 8542 31 ಉಪಶೀರ್ಷಿಕೆಯು ಪ್ರೊಸೆಸರ್ ಹಾಗೂ ಕಂಟ್ರೋಲರ್‌ಗಳನ್ನು ಒಟ್ಟಿಗೇ ಹೆಸರಿಸುತ್ತದೆ. ಆದರೆ ಉತ್ಪಾದನಾ ವೆಚ್ಚದ ದೃಷ್ಟಿಯಿಂದ ಇವೆರಡೂ ಒಂದೇ ಅಲ್ಲ.

ಮೈಕ್ರೊಪ್ರೊಸೆಸರ್ ಮೂಲತಃ ಗಣನೆ ಮಾಡುವ ಘಟಕ. ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ 8086 ಚಿಪ್‌ಗೆ ಸ್ಮೃತಿ, ಗಡಿಯಾರ ಮಂಡಲ, ಹೊರಗಿನ ಸಾಧನಗಳ ಸಂಪರ್ಕ ಎಲ್ಲವನ್ನೂ ಬೇರೆ ಚಿಪ್‌ಗಳಿಂದ ಒದಗಿಸಬೇಕಿತ್ತು. ಲೆಕ್ಕಪತ್ರ, ಗೋದಾಮು, ರವಾನೆ ವಿಭಾಗಗಳು ಪ್ರತ್ಯೇಕವಾಗಿರುವ ದೊಡ್ಡ ಕಚೇರಿಗೆ ಇದನ್ನು ಹೋಲಿಸಬಹುದು.

ಮೈಕ್ರೊಕಂಟ್ರೋಲರ್ ಗಲ್ಲಾಪೆಟ್ಟಿಗೆ, ತಕ್ಕಡಿ, ಖಾತೆಪುಸ್ತಕ ಮೂರನ್ನೂ ಕೈಗೆಟಕುವಂತಿಟ್ಟುಕೊಂಡು ಕುಳಿತ ಚಿಲ್ಲರೆ ವರ್ತಕನಂತೆ. ಅದೇ ಸಂಸ್ಥೆಯ 1980ರ 8051 ಚಿಪ್‌ನಲ್ಲಿ 4 ಕಿಲೋಬೈಟ್ ಪ್ರೋಗ್ರಾಂ ಸ್ಮೃತಿ, 128 ಬೈಟ್ ದತ್ತಾಂಶ ಸ್ಮೃತಿ, 2 ಟೈಮರ್ ಹಾಗೂ 32 ಸಂಪರ್ಕ ತಂತುಗಳು ಒಳಗೇ ಅಡಕವಾಗಿದ್ದವು. ಇಂದಿನ ಪ್ರೊಸೆಸರ್‌ಗಳೊಳಗೂ ಅನೇಕ ಘಟಕಗಳು ಸೇರಿಕೊಂಡಿವೆ. ಆದರೂ ಮುಖ್ಯ ಸ್ಮೃತಿ ಸಾಮಾನ್ಯವಾಗಿ ಹೊರಗೇ ಇರುತ್ತದೆ.

ಪಂಪ್‌ಸೆಟ್ ಸ್ಟಾರ್ಟರ್ ತಯಾರಿಸುವ ಉದ್ಯಮಿಯೊಬ್ಬರ ಲೆಕ್ಕಪತ್ರಗಳನ್ನು ನಾನು ಪರಿಶೀಲಿಸುತ್ತಿದ್ದೇನೆ. ಅವರು ಮೊದಲು ಪ್ರೊಸೆಸರ್ ಆಧಾರಿತ ಬೋರ್ಡನ್ನು ಆರಿಸಿ, ಚಿಪ್‌ನ ಬೆಲೆಯನ್ನಷ್ಟೇ ಗಣಿಸಿ ಮಾರಾಟ ದರ ನಿಗದಿಪಡಿಸಿದ್ದರು. ಸ್ಮೃತಿ ಚಿಪ್, ದೊಡ್ಡ ಬೋರ್ಡು, ಜೋಡಣೆಯ ಕೂಲಿ ಸೇರಿದಾಗ ಲಾಭವೇ ಕರಗಿತು. ಮೋಟರನ್ನು ನಡೆಸಿ ನಿಲ್ಲಿಸುವ ಒಂದೇ ನಿಶ್ಚಿತ ಕೆಲಸಕ್ಕೆ ಕಂಟ್ರೋಲರ್ ಸಾಕೆಂದು ಅರಿತು ಬದಲಾಯಿಸಿಕೊಂಡರು; ವೆಚ್ಚ ಇಳಿಯಿತು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಕಂಟ್ರೋಲರ್‌ಗೆ ಬರೆದ ಪ್ರೋಗ್ರಾಂ ಬಹುಮಟ್ಟಿಗೆ ಆ ತಯಾರಕರ ಆ ಶ್ರೇಣಿಗೇ ಹೊಂದಿಕೊಂಡಿರುತ್ತದೆ. 2021ರ ಜಾಗತಿಕ ಚಿಪ್ ಅಭಾವದಲ್ಲಿ ಆ ಒಂದು ಚಿಪ್ ದೊರೆಯದೆ ಅವರ ಅರೆಸಿದ್ಧ ಬೋರ್ಡುಗಳೆಲ್ಲ ಕಪಾಟಿನಲ್ಲುಳಿದವು. ವರ್ಷಾಂತ್ಯದಲ್ಲಿ ಲೆಕ್ಕಪತ್ರ ಮಾನದಂಡ 2ರಂತೆ, ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕಾಯಿತು. ಆ ನಷ್ಟದ ಮುಂದೆ ಚಿಪ್‌ನ ಬೆಲೆ ಅತ್ಯಲ್ಪ.

ಆದುದರಿಂದ ಸದಸ್ಯ ಬಾಂಧವರು ವಿನ್ಯಾಸಕ್ಕೆ ಒಪ್ಪಿಗೆ ನೀಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಲೇಸು:

1. ಉಪಕರಣದ ಕೆಲಸ ಒಂದೇ ನಿಶ್ಚಿತ ಬಗೆಯದೋ, ಅಥವಾ ಗಣಕದಂತೆ ಬಹುವಿಧವೋ? ಮೊದಲನೆಯದಕ್ಕೆ ಕಂಟ್ರೋಲರ್, ಎರಡನೆಯದಕ್ಕೆ ಪ್ರೊಸೆಸರ್ ಸೂಕ್ತ.
2. ಚಿಪ್‌ನದಲ್ಲ, ಸಿದ್ಧ ಬೋರ್ಡಿನ ಒಟ್ಟು ವೆಚ್ಚವೆಷ್ಟು?
3. ಈ ಚಿಪ್ ದೊರೆಯದಿದ್ದರೆ ಬದಲಿ ಯಾವುದು, ಅದಕ್ಕೆ ಪ್ರೋಗ್ರಾಂ ಮಾರ್ಪಡಿಸಲು ಎಷ್ಟು ಕಾಲ ಬೇಕು?

ಇವುಗಳ ಉತ್ತರವನ್ನು ಇಂಜಿನಿಯರರಿಂದ ಬರಹದಲ್ಲಿ ಪಡೆದು ಕಡತದಲ್ಲಿಡುವುದು ಕ್ಷೇಮಕರ.