ತೂಕ ಏರಿದ್ದು ಬರೀ ಊಟದಿಂದಲ್ಲ

ಗೋರೆಗಾಂವ್‌ನ ಸಹೋದರಿಗೆ,

ಆರು ತಿಂಗಳಲ್ಲಿ ಮೂರು ಕಿಲೋ ಏರಿತೆಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ನೀವು ತೆಗೆದುಕೊಳ್ಳುತ್ತಿರುವ ಗ್ಲಿಮೆಪಿರೈಡ್, ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುತ್ತದೆ. ಮೊದಲು ಮೂತ್ರದಲ್ಲಿ ಸೋರಿಹೋಗುತ್ತಿದ್ದ ಸಕ್ಕರೆ ಈಗ ಮೈಯಲ್ಲೇ ಉಳಿಯುತ್ತದೆ. ಹೀಗೆ ಒಂದೆರಡು ಕಿಲೋ ಏರುವುದು ಸಾಮಾನ್ಯ.

ಸಂಜೆ ಚರ್ಚ್‌ಗೇಟ್ ಲೋಕಲ್‌ನಲ್ಲಿ ಕೈ ನಡುಗಿ, ಬೆವರಿ, ಸ್ಟೇಷನ್ನಿಗೆ ಇಳಿದೊಡನೆ ಎರಡು ವಡಾಪಾವ್ ತಿನ್ನುತ್ತೇನೆ ಎಂದು ಬರೆದಿದ್ದೀರಿ. ನನಗೆ ಕಳವಳವಾದದ್ದು ಅದನ್ನು ಓದಿಯೇ. ಅದು ಬಾಯಿಚಪಲವಲ್ಲ, ಈ ಮಾತ್ರೆಯಿಂದ ರಕ್ತದ ಸಕ್ಕರೆ ತೀರಾ ಇಳಿದಿರಬಹುದು. ಆಗ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ.

ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ತೂಕ ಏರಿಸುವುದಿಲ್ಲ. ಆದರೂ ನೀವಾಗಿಯೇ ಗ್ಲಿಮೆಪಿರೈಡ್ ನಿಲ್ಲಿಸಬೇಡಿ. ಈ ವಾರವೇ ವೈದ್ಯರನ್ನು ಕಂಡು, ನಡುಕದ ವಿಷಯವನ್ನೇ ಮೊದಲು ಹೇಳಿ.